ಕೆಂಚಿಯನ್ನು ಕಟ್ಟಲಿಲ್ಲ

೧ ನವೆಂಬರ್ ೧೯೦೯, ಸೋಮವಾರ. ನನ್ನಿವಾಳ.
ಕುರಿ ಎಣಿಸಿದ್ದಾಯಿತು. ಇನ್ನೂರ ಹನ್ನೊಂದು. ಒಂದು ಕುಂಟುತ್ತಿದೆ. ಪೂಜೆ ಮುಗಿಸಿ ರಿಪೋರ್ಟಿಗೆ ಕುಳಿತೆ.

ಕುದಾಪುರದ ಹುಲ್ಲುಗಾವಲಲ್ಲಿ ಕ್ಯಾಂಪ್ ಹಾಕಿರುವ ದನದ ಡಾಕ್ಟರ್ ದೊರೆ ಕೇಳಿರುವುದು ಒಂದೇ ಮಾತು. ಕಾವಲು, ಮಂದೆ ಅಟ್ಟುವುದು, ಬೇಟೆ... ಮೂರನ್ನೂ ಒಂದೇ ನಾಯಿ ಮಾಡಬೇಕು. ಯಾವ ಜಾತಿ? ಈ ಸೀಮೆಯಲ್ಲಿ ನಾಯಿ ಬಲ್ಲವನು ನಾನೇ, ಜಂಬುಲಿಂಗಪ್ಪ, ಅಂತ ಚಳ್ಳಕೆರೆಯಲ್ಲಿ ಯಾರೋ ಹೇಳಿದರಂತೆ. ಯಾರೋ ಏನು, ಎಲ್ಲರೂ ಹೇಳುತ್ತಾರೆ.

ನೆರೆಹಟ್ಟಿಯ ಕೊಟ್ಟೂರಪ್ಪನ ಮುಧೋಳ ಕಡೆಯ ಬೇಟೆನಾಯಿ: ಓಟಕ್ಕೆ ಸರಿಸಾಟಿ ಇಲ್ಲ. ಮೊಲ ಕಂಡರೆ ಕುರಿಯನ್ನೂ ಮರೆಯುತ್ತೆ, ಕೊಟ್ಟೂರಪ್ಪನನ್ನೂ ಮರೆಯುತ್ತೆ. ದೊರೆಯ ಸ್ವಂತ ಟೆರಿಯರ್: ಚುರುಕು. ಬಿಲಕ್ಕೆ ನುಗ್ಗಿ ನರಿ ಎಳೆಯುತ್ತೆ. ಹತ್ತು ಗಂಟೆಯ ಬಿಸಿಲಿಗೆ ಗಾಡಿಯಡಿ ಸೇರುತ್ತೆ. ಮೂರನೆಯದು ನಮ್ಮ ಹಟ್ಟಿನಾಯಿ. ಅಂದರೆ ಕೆಂಚಿ. ಇದಕ್ಕೆ ಎರಡು ಹಾಳೆ ಬೇಕು.

೩ ನವೆಂಬರ್, ಬುಧವಾರ, ಮಧ್ಯಾಹ್ನ.
ಹಾಡಹಗಲಲ್ಲಿ ತೋಳ! ಒಂಟಿ. ಮಂದೆಯ ನಡುವೆ ನೆಟ್ಟಗೆ ನಡೆದು ಬಂತು. ಕುರಿಗಾಹಿ ದೊಡ್ಡಪಾಲಯ್ಯ ಕೂಗಿದರೂ ಹೆದರಲಿಲ್ಲ. ಕೆಂಚಿ ಮೇಲೆ ಬಿದ್ದಳು. ಅಷ್ಟು ಹೊತ್ತು ಉರುಳಾಡಿದರೂ ತೋಳ ಒಂದು ಸದ್ದು ಮಾಡಲಿಲ್ಲ. ಕೊನೆಗೆ ಹಾಗೇ ಎದ್ದು ಹೋಯಿತು. ಒಂದು ಕುರಿಯೂ ಹೋಗಲಿಲ್ಲ. ಕೆಂಚಿಯ ತುಟಿ ಸೀಳಿದೆ, ಹೆಗಲಿಗೆ ಎರಡು ಹಲ್ಲು.

ನನ್ನ ಹೆಮ್ಮೆಗೆ ಎದೆ ಸಾಲದು. ಇದನ್ನೂ ರಿಪೋರ್ಟಿಗೆ ಸೇರಿಸಬೇಕು.

೪ ನವೆಂಬರ್, ಗುರುವಾರ.
ಬೆಳಿಗ್ಗೆ ಬಾಗಿಲಲ್ಲಿ ಕುರಿಗಾಹಿ ಪಾಲಯ್ಯ. ಕೈಯಲ್ಲಿ ಹಗ್ಗ.

"ಕೆಂಚೀನ ಕಟ್ಟಾಕ್ಬೇಕು ಗೌಡ್ರೆ. ಕಣದಾಚೆ ಜಾಲಿಮರಕ್ಕೆ."

"ಯಾಕಯ್ಯಾ?"

"ಕುರಿ ಒಯ್ಯಾಕೆ ಬಂದ ತೋಳ ಅಲ್ಲ ಅದು. ತಲೆ ಕೆಟ್ಟಿದ್ದು. ನಮ್ಮ ಹಟ್ಟೀಲಿ ಹಿಂಗಾದ್ರೆ ಎರಡು ಅಮಾಸೆ ದೂರ ಕಟ್ತೀವಿ. ಕೋಲಿನ ತುದೀಲಿ ಕೂಳು. ಎರಡನೇ ಅಮಾಸೆ ದಿನ ಎಲ್ಲರ ಮುಂದೆ ನೀರು ಕುಡುದ್ರೆ ಬಿಡ್ತೀವಿ. ನಾಯಾದ್ರೂ ಅಷ್ಟೇ, ಮನಿಷಾದ್ರೂ ಅಷ್ಟೇ."

ಎರಡು ಅಮಾವಾಸ್ಯೆ! ಡಿಸೆಂಬರ್ ಒಂದಕ್ಕೆ ದೊರೆಯ ಮುಂದೆ ಪರೀಕ್ಷೆ. ನಾಯಿ ವಿಚಾರ ನನಗೇ ಹೇಳಿಕೊಡಲು ಬಂದ. ಬೈದು ಕಳಿಸಿದೆ. ಹಗ್ಗ ಜಗುಲಿಯ ಮೇಲೇ ಬಿಟ್ಟುಹೋಗಿದ್ದಾನೆ, ಮೊಂಡ.

೨೧ ನವೆಂಬರ್, ಭಾನುವಾರ.
ತುಟಿ ಕೂಡಿಕೊಂಡಿದೆ. ಹೆಗಲಲ್ಲಿ ರೋಮ ಬಂದಿದೆ. ಯಾರು ನೋಡಿದರೂ ಗೊತ್ತಾಗದು.

ರಿಪೋರ್ಟ್ ಮುಗಿಯಿತು. ದೊರೆಯ ಅಚ್ಚಿನ ಫಾರಂನಲ್ಲಿ ಕೊನೆಗೊಂದು ಕಾಲಂ: "ಈ ನಾಯಿಗೆ ಕಾಡುಪ್ರಾಣಿ ಕಚ್ಚಿದ್ದುಂಟೇ?" ಲೇಖನಿ ಹಿಡಿದು ಕುಳಿತೇ ಇದ್ದೆ. ಉಂಟು ಅಂದರೆ ಪರೀಕ್ಷೆಗೇ ಸೇರಿಸುವುದಿಲ್ಲ. ಇಲ್ಲ ಅಂತ ಬರೆದೆ. ರುಜು ಹಾಕಿದೆ. ತೋಳದ ಕಥೆ ಇದ್ದ ಹಾಳೆ ಒಲೆಗೆ ಹೋಯಿತು. ಚೆನ್ನಾಗಿ ಬರೆದಿದ್ದೆ.

೨೮ ನವೆಂಬರ್, ಭಾನುವಾರ.
ಲೇಖನಿ ಕೆತ್ತುವಾಗ ಎಡಗೈ ಹೆಬ್ಬೆರಳು ಕೊಯ್ದುಕೊಂಡೆ. ಆಳಕ್ಕೇ. ನನ್ನ ಹೆಂಡತಿ ಶಿವಬಸಮ್ಮ ಅರಿಶಿನ ತರಲು ಒಳಗೆ ಹೋದಳು. ಅಷ್ಟರಲ್ಲಿ ಕೆಂಚಿ ಬಂದು ನೆಕ್ಕಿದಳು. ಬಿಟ್ಟೆ. ನಾಯಿ ನೆಕ್ಕಿದ ಗಾಯ ಬೇಗ ಮಾಯುತ್ತದೆ, ಅವ್ವ ನಮಗೆಲ್ಲ ಹೀಗೇ ಮಾಡಿಸುತ್ತಿದ್ದಳು.

"ಅರಿಶಿನ ಬ್ಯಾಡೇನ್ರಿ?" ಅಂದಳು ಶಿವಬಸಮ್ಮ. ನನ್ನ ಡಾಕ್ಟರ್ ಬಂದು ಹೋದಳು ಅಂದೆ. ನಕ್ಕಳು.

೩೦ ನವೆಂಬರ್, ಮಂಗಳವಾರ, ಸಂಜೆ.
ಕೆಂಚಿ ಮುದ್ದೆ ಮುಟ್ಟಲಿಲ್ಲ. ಚಾಪೆಯ ಅಂಚು ಕಿತ್ತು ನುಂಗಿದ್ದಾಳೆ. ಬೊಗಳಿದರೆ ದನಿ ಒಡೆಯುತ್ತಿದೆ, ಕೊನೆಯಲ್ಲಿ ಊಳಿಟ್ಟ ಹಾಗೆ. ಚಳಿಗೆ ಗಂಟಲು ಕಟ್ಟಿರಬೇಕು.

ಚಳಿಗೇ ಇರಬೇಕು.

೧ ಡಿಸೆಂಬರ್, ಬುಧವಾರ.
ಆದದ್ದು ಆದ ಹಾಗೆ ಬರೆಯುತ್ತೇನೆ.

ಮೊದಲರ್ಧ ನಾವೇ ಗೆದ್ದೆವು. ಕೊಟ್ಟೂರಪ್ಪನ ನಾಯಿ ಹುಲ್ಲೆಯೊಂದರ ಬೆನ್ನು ಹತ್ತಿ ಮಾಯ. ಟೆರಿಯರ್ ಗಾಡಿಯಡಿ. ಕೆಂಚಿ ಚೆದರಿದ ಮಂದೆಯನ್ನು ಎರಡು ಸುತ್ತಿಗೆ ಗುಂಪು ಮಾಡಿದಳು. ದೊರೆ ಕುರ್ಚಿಯಿಂದ ಎದ್ದು ನಿಂತ. ಆಮೇಲೆ ಅವಳು ಸುತ್ತುವುದನ್ನು ನಿಲ್ಲಿಸಲೇ ಇಲ್ಲ. ಸುತ್ತಿದ್ದೇ ಸುತ್ತಿದ್ದು. ಬಾಯಲ್ಲಿ ನೊರೆ. ಒಂದು ಟಗರಿನ ಮೂತಿಗೆ ಬಾಯಿ ಹಾಕಿದಳು. ಪಾಲಯ್ಯ "ರಾವೇ ಕೆಂಚಿ, ರಾವೇ" ಅಂತ ತನ್ನ ಮನೆಮಾತು ತೆಲುಗಿನಲ್ಲಿ ಕರೆಯುತ್ತಾ ಹತ್ತಿರ ಹೋದ. ಮರಿಯಿಂದ ಆ ಕರೆಗೆ ಬಾಲ ಆಡಿಸಿದವಳು. ಅವನ ಮುಂಗೈ ಕಚ್ಚಿದಳು. ಬಿಡಿಸಲು ಇಬ್ಬರು ಬೇಕಾಯಿತು.

ದೊರೆ ನನ್ನ ಮುಖವನ್ನೇ ನೋಡಿ ಕೇಳಿದ. ಇದಕ್ಕೆ ಮೊದಲು ಯಾವುದಾದರೂ ಪ್ರಾಣಿ ಕಚ್ಚಿತ್ತೇ? ಕಚ್ಚಿದ್ದರೆ ಈ ಮನುಷ್ಯನನ್ನು ನಾಳೆಯೇ ರಾಯದುರ್ಗದಿಂದ ರೈಲು ಹತ್ತಿಸಿ ಕೂನೂರಿಗೆ ಕಳಿಸುತ್ತೇನೆ, ಅಲ್ಲಿ ಚುಚ್ಚುಮದ್ದು ಇದೆ; ರೋಗ ಕಾಣಿಸಿಕೊಂಡ ಮೇಲೆ ಹೋಗಿ ಫಲವಿಲ್ಲ. ಮೇಜಿನ ಮೇಲೆ ನನ್ನ ರುಜು ಇರುವ ಫಾರಂ.

"ಇಲ್ಲ ಸಾರ್. ಜನ ನೋಡಿ ಬೆದರಿದ್ದಾಳೆ ಅಷ್ಟೇ."

ಪಾಲಯ್ಯ ನನ್ನನ್ನು ನೋಡಿದ. ಗೌಡನ ಮಾತಿಗೆ ಎದುರಾಡದೆ ಮುಂಗೈಗೆ ರುಮಾಲು ಸುತ್ತಿಕೊಂಡು ಮಂದೆಯ ಕಡೆ ನಡೆದ.

೪ ಡಿಸೆಂಬರ್, ಶನಿವಾರ.
ಕೆಂಚಿ ಹೋದಳು. ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದೆ. ಕೊನೆಗೆ ದವಡೆ ಜೋತುಬಿದ್ದಿತ್ತು. ನೀರಿನ ಬಾನಿಗೆ ಮೂತಿ ಇಟ್ಟೇ ಇದ್ದಳು, ಒಂದು ಗುಟುಕೂ ಇಳಿಯಲಿಲ್ಲ.

ದೊರೆಯ ಕ್ಯಾಂಪ್ ಮೊಳಕಾಲ್ಮೂರಿಗೆ ಹೋಗಿದೆ. ಪಾಲಯ್ಯ ಜಗುಲಿಯ ಮೇಲಿದ್ದ ಹಗ್ಗ ತೆಗೆದುಕೊಂಡು ಹೋದ. ಜಾಲಿಮರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಕಾಲಿಗೆ ಕಟ್ಟಿಕೊಂಡು ಕುಳಿತಿದ್ದಾನೆ.

೧೨ ಡಿಸೆಂಬರ್, ಭಾನುವಾರ. ಮೊದಲ ಅಮಾವಾಸ್ಯೆ.
ಅವನ ಹೆಂಡತಿ ಕೊಲ್ಲಾಪುರಮ್ಮ ಕೋಲಿನ ತುದಿಯಲ್ಲಿ ಮುದ್ದೆಯ ಬುತ್ತಿ ಚಾಚುತ್ತಾಳೆ. ಇವತ್ತು ನನ್ನನ್ನು ಕಂಡು ಕೋಲು ನೆಲಕ್ಕೆ ಕುಟ್ಟಿದಳು.

"ಒಂದು ಮಾತು ದೊರೆಗೆ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಗೌಡ್ರೆ? ನಮ್ಮೆಜಮಾನ ನಾಯಂಗೆ ಕುಂತವ್ನೆ ನೋಡ್ರಿ!"

ನಾಚಿಕೆಯಾಯಿತು. ಬಂದುಬಿಟ್ಟೆ.

೨೦ ಡಿಸೆಂಬರ್, ಸೋಮವಾರ.
ದೊರೆಗೆ ಕಾಗದ ಬರೆದೆ. ಇನ್ನೂ ಕಾಲ ಮೀರಿಲ್ಲವೇನೋ. ಗಾಡಿ ಕಟ್ಟಿದರೆ ಮೊಳಕಾಲ್ಮೂರು ಎಷ್ಟು ದೂರ. ಲಕೋಟೆ ಅಂಟಿಸಿದೆ. ಆಮೇಲೆ ಚಳ್ಳಕೆರೆ ಪೇಟೆಯಲ್ಲಿ ಜನ ಏನೆಂದಾರು ಅನ್ನಿಸಿತು. ಸುಳ್ಳು ರುಜುವಿನ ಜಂಬುಲಿಂಗಪ್ಪ. ಪೆಟ್ಟಿಗೆಯಲ್ಲಿಟ್ಟೆ.

ನನ್ನ ಹೆಬ್ಬೆರಳಿನ ವಿಚಾರ ಯಾರಿಗೂ ಹೇಳಿಲ್ಲ. ಹೇಳುವಂಥದ್ದೇನಿದೆ? ನೆಕ್ಕಿದ್ದು ಅಷ್ಟೇ. ಹಲ್ಲು ತಾಗಿಲ್ಲ. ಗಾಯ ಮಾಯ್ದು ಗುರುತೂ ಇಲ್ಲ.

೧೧ ಜನವರಿ ೧೯೧೦, ಮಂಗಳವಾರ. ಎರಡನೇ ಅಮಾವಾಸ್ಯೆ.
ಇಡೀ ಹಟ್ಟಿ ಕಣದ ಅಂಚಿನಲ್ಲಿ. ಕೊಲ್ಲಾಪುರಮ್ಮ ಚೊಂಬು ಇಟ್ಟು ಹಿಂದೆ ಸರಿದಳು. ಪಾಲಯ್ಯ ಎತ್ತಿದ. ಕುಡಿದ. ಗಟಗಟ ಕುಡಿದು ಉಳಿದದ್ದನ್ನು ತಲೆಗೆ ಸುರಿದುಕೊಂಡ. ಹೆಂಗಸರು ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನು. ಕೊಂದೆ ಅಂದುಕೊಂಡಿದ್ದೆ, ಬದುಕಿದ.

ಹಗ್ಗ ಸುತ್ತುತ್ತಾ ನನ್ನ ಹತ್ತಿರ ಬಂದ. ನನ್ನ ಎಡಗೈ ನೋಡಿದ. ಆಗಿನಿಂದ ಹೆಬ್ಬೆರಳು ಉಜ್ಜಿಕೊಳ್ಳುತ್ತಲೇ ಇದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ.

"ಅಮ್ಮೋರು ಹೇಳಿದ್ರು, ಕೆಂಚಿ ನೆಕ್ಕಿದ್ಲಂತೆ. ನೀವು ದಿನ ಎಣಿಸಿದ್ರಾ ಗೌಡ್ರೆ?"

೧೩ ಜನವರಿ, ಗುರುವಾರ.
ಹೆಬ್ಬೆರಳಲ್ಲಿ ಇರುವೆ ಹರಿದಂತೆ. ಮೊಣಕೈವರೆಗೆ. ಶಿವಬಸಮ್ಮ ಬೀಸಣಿಗೆ ಬೀಸಿದರೆ ಗಂಟಲು ಹಿಡಿಯುತ್ತೆ. ಅವಳ ಮೇಲೆ ಕಿರುಚಿದೆ. ಎಂದೂ ಕಿರುಚಿದವನಲ್ಲ. ಹೆದರಿಕೆ ಆಗುತ್ತಿದೆ.

ಪೆಟ್ಟಿಗೆಯ ಲಕೋಟೆ ತೆಗೆದೆ. ಇನ್ನೊಂದು ಸಾಲು ಸೇರಿಸಿದೆ: ಕೊನೆಯ ಕಾಲಂನಲ್ಲಿ "ಉಂಟು" ಎಂದು ತಿದ್ದಿಕೊಳ್ಳಬೇಕು. ಕಳಿಸಿದೆ.

೧೫ ಜನವರಿ, ಶನಿವಾರ, ಬೆಳಿಗ್ಗೆ. ಜಾಲಿಮರದ ಕೆಳಗೆ.
ನಾನೇ ನಡೆದು ಬಂದೆ. ಕಟ್ಟು ಅಂದೆ. ಪಾಲಯ್ಯ ಅದೇ ಹಗ್ಗ ಕಟ್ಟಿದ. ಬರೆಯಲು ಬಲಗೈ ಬಿಟ್ಟಿದ್ದಾನೆ. ಕಣದಾಚೆ ಶಿವಬಸಮ್ಮ. ಅವಳನ್ನು ಕೊಲ್ಲಾಪುರಮ್ಮ ಹಿಡಿದುಕೊಂಡಿದ್ದಾಳೆ.

ರಾತ್ರಿಯಿಂದ ಏನೂ ಕುಡಿದಿಲ್ಲ. ಬಾಯಾರಿದೆ, ಹಾಳಾದ್ದು ಬಾಯಾರಿದೆ. ಪಾಲಯ್ಯ ಚೊಂಬು ತರುತ್ತಿದ್ದಾನೆ. ಕೋಲಿನ ತುದಿಯಲ್ಲಿ ಅಲ್ಲ, ಕೈಯಲ್ಲೇ ಹಿಡಿದು. ಒಂದು ಗುಟುಕು ಕುಡಿದು ತೋರಿಸಿದರೆ ಬಿಚ್ಚುತ್ತಾನೆ. ಒಂದೇ ಗುಟುಕು.

ಹತ್ತು ಹೆಜ್ಜೆ ಇದೆ. ನೀರು ತುಳುಕುವುದು ಇಲ್ಲಿಗೇ ಕೇಳಿಸುತ್ತಿದೆ. ಅಲ್ಲೇ ನಿಲ್ಲು ಪಾಲಯ್ಯ, ಅದನ್ನು ಹತ್ತಿರ