ಗೊಂಚಲ ತುದಿಯ ಹಣ್ಣು

ಅಮೃತೂರು,
ಸೋಮವಾರ

ಚಿ. ವಾಣಿಶ್ರೀಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ನನ್ನ ದನಿ ಏರಿಬಿಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬೀಜವಿಲ್ಲದ ದ್ರಾಕ್ಷಿ ಈ ಸಲ ಚೆನ್ನಾಗಿ ಬಂದಿದೆ. ಹಸಿರು ಹೋಗಿ ಜೇನಿನ ಬಣ್ಣಕ್ಕೆ ತಿರುಗುತ್ತಿದೆ. ನಿನ್ನೆ ವ್ಯಾಪಾರಿ ಬಂದು, ಸಿಹಿ ಅಳೆಯುವ ಮೀಟರ್‌ಗೆ ಒಂದು ಹನಿ ರಸ ಬಿಟ್ಟು, "ಸಾಕು ಯಜಮಾನ್ರೇ, ನಾಳೇನೇ ಕುಯ್ಸಿ" ಎಂದ. ಪಕ್ಕದಲ್ಲಿದ್ದ ನಿನ್ನಮ್ಮ, "ಮೀಟರ್‌ಗೇನ್ ಗೊತ್ತು ಬುಡಿ, ವಾಣಿ ತಿಂದು ನೋಡ್ಬೇಕು" ಎಂದಳು. ನಾನು ಅವಳ ಮೇಲೆ ರೇಗಿದೆ. ಆದರೆ ಕತ್ತರಿ ಕೈಗೆತ್ತಿಕೊಳ್ಳಲಿಲ್ಲ.

ಗೊಂಚಲಿನಲ್ಲಿ ಮೇಲಿನ ಹಣ್ಣು ಮೊದಲು ಸಿಹಿಯಾಗುತ್ತದೆ, ತುದಿಯದು ಕೊನೆಗೆ. ಆ ತುದಿಯ ಹಣ್ಣನ್ನು ನಿನ್ನ ಬಾಯಿಗಿಟ್ಟು ನಾನು ಮುಖ ನೋಡುತ್ತಿದ್ದೆನಲ್ಲ, ನೆನಪಿದೆಯಾ? ಹುಳಿಗೆ ನಿನ್ನ ಎಡಗಣ್ಣು ಮುಚ್ಚಿದರೆ ಇನ್ನೊಂದು ವಾರ ಕಾಯುತ್ತಿದ್ದೆವು. ಕಾಲೇಜಿಗೆ ಹೊರಟಾಗಲೂ ನೀನು ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದು ಬಾಯಿ ತೆರೆದು ನಿಲ್ಲುತ್ತಿದ್ದೆ.

ನಿನ್ನ ಮದುವೆಗೆ ನಾನು ಬರಲಿಲ್ಲವಲ್ಲ, ಆ ವರ್ಷ ಬರೀ ಬಣ್ಣ ನೋಡಿ ಕೊಯ್ಯಿಸಿದೆ. ಎಲ್ಲ ಹುಳಿ. ಮಾವಿನಕಾಯಿಯ ಹಾಗೆ ಹುಲ್ಲಿನಲ್ಲಿಟ್ಟರೆ ದ್ರಾಕ್ಷಿ ಹಣ್ಣಾಗುವುದಿಲ್ಲ. ಬಳ್ಳಿಯಲ್ಲಿ ಇರುವಾಗಲೇ ಆಗಬೇಕು.

ವ್ಯಾಪಾರಿಗೆ ಮುಂದಿನ ವಾರ ಬಾ ಎಂದಿದ್ದೇನೆ. ಸದಾಶಿವನಗರದಿಂದ ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದು, ಭಾನುವಾರ ಬೆಳಗಿನ ಬಸ್ಸಿಗೇ ಬಾ. ಬಿಸಿಲೇರಿದ ಮೇಲೆ ಹಣ್ಣಿನ ರುಚಿ ತಿಳಿಯುವುದಿಲ್ಲ.

ನಿನ್ನ ಮನೆಯವರನ್ನೂ ಕರೆದುಕೊಂಡು ಬಾ. ಅವರ ಬಾಯಿಗೂ ಒಂದು ಹಣ್ಣು ಕೊಟ್ಟು ನೋಡೋಣ. ಅವರ ಮುಖವನ್ನು ನಾನಿನ್ನೂ ನೋಡಿಯೇ ಇಲ್ಲ.

ನಿನ್ನಪ್ಪ,
ವೆಂಕಟಯ್ಯ