ಇಂಜಿನ್ನು ಮಾರುವುದು ಬೇಡ

ಚಾಮರಾಜನಗರದಿಂದ ಇಂಜಿನ್ನು ಕೊಳ್ಳುವವರನ್ನು ಕರೆತಂದಿದ್ದರೆ, ಕಾಫಿ ಕೊಟ್ಟು, ಕೈಮುಗಿದು ಕಳಿಸಿಬಿಡಿ. ಬಾವಿಯ ಇಂಜಿನ್ನು ಮತ್ತೆ ಓಡುತ್ತಿದೆ.

ನೀವು ಬಸ್ಸು ಹತ್ತಿದ ಮೇಲೆ ಮನಸ್ಸು ತಡೆಯಲಿಲ್ಲ. ಇಂಜಿನ್ನು ನಿಲ್ಲಿಸುವ ಗುಂಡಿಗೆ ಹೋಗುವ ವೈರನ್ನು ಬಿಚ್ಚಿಟ್ಟು, ಪ್ಲಗ್ಗನ್ನು ಹೊರಗಿಟ್ಟು ಹ್ಯಾಂಡಲ್ ತಿರುಗಿಸಿದೆ. ಇಷ್ಟು ದಿನ ಬಾರದಿದ್ದ ಕಿಡಿ ಬಂತು. ತಪ್ಪು ಆ ವೈರಿನಲ್ಲೇ ಎಂದು ಉದ್ದಕ್ಕೂ ತಡವಿ ನೋಡಿದರೆ, ಟ್ಯಾಂಕಿನ ಕೆಳಗೆ ಇಲಿ ರಬ್ಬರು ಕಡಿದು, ಒಳಗಿನ ತಾಮ್ರ ಇಂಜಿನ್ನಿನ ಕಬ್ಬಿಣಕ್ಕೆ ತಾಗುತ್ತಿತ್ತು. ಕಿಡಿಯಾಗಬೇಕಾದ ಕರೆಂಟೆಲ್ಲ ಅಲ್ಲೇ ಇಳಿದುಹೋಗುತ್ತಿತ್ತು. ಸೈಕಲ್ ಟ್ಯೂಬಿನ ಚೂರು ಸುತ್ತಿ ಬಿಗಿಯಾಗಿ ಕಟ್ಟಿ, ಎಲ್ಲವನ್ನೂ ಜೋಡಿಸಿ ಮತ್ತೆ ತಿರುಗಿಸಿದೆ.

ಸದ್ದು ಕೇಳಿ ಅತ್ತೆಯವರು ಕುಯ್ಯುತ್ತಿದ್ದ ಸೊಪ್ಪು ಬಿಟ್ಟು ಓಡಿಬಂದರು. "ಏನ್ ಮಾಡ್ಬುಟ್ಟೆ ಕಣಮ್ಮಿ, ನೀರು ಬಂತಲ್ಲಾ" ಎಂದು ಕಾಲುವೆಯ ಅಂಚಿನಲ್ಲೇ ಕೂತು ಮುಖ ತೊಳೆದುಕೊಂಡರು.

ಇದರ ಜೀವ ಹೋಗಿದೆ ಎಂದ ರಿಪೇರಿಯವನಿಗೆ ನೀವೇ ಹೇಳಿ. ಹೆಂಗಸು ಇಂಜಿನ್ನು ಮುಟ್ಟಬಾರದು ಎಂದಿರಲ್ಲ, ಆ ಮಾತನ್ನು ಮಾತ್ರ ಇನ್ನು ಎತ್ತಬೇಡಿ.

ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಒಲೆಯ ಮೇಲಿದೆ. ಹೊಟ್ಟೆ ತುಂಬ ಉಂಡು, ಹಿತ್ತಿಲಿನ ಗುದ್ದಲಿ ಹಿಡಿದು ಬೇಗ ಹೊಲಕ್ಕೆ ಬನ್ನಿ. ಅರಿಶಿನದ ಮಡಿಗಳಿಗೆ ನೀರು ನುಗ್ಗುತ್ತಿದೆ, ತಿರುಗಿಸಲು ನಾವಿಬ್ಬರೂ ಸಾಲುತ್ತಿಲ್ಲ.

ಗುರುಮಲ್ಲಮ್ಮ