ಮುಖ ತೋರಿಸಿದರೆ ನೀರು

ಮನೆಯಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಸ್ವಲ್ಪವಾದರೂ ಇಳಿದಿದೆಯೇ? ಚಿಕ್ಕಮ್ಮನ ಮನೆಯ ಮೆಟ್ಟಿಲು ಏಣಿಯ ಹಾಗೆ ಕಡಿದು ಎಂದು ನೀವೇ ಹೇಳುತ್ತಿದ್ದಿರಿ, ಸುಮ್ಮಸುಮ್ಮನೆ ಹತ್ತಿ ಇಳಿದು ಮಾಡಬೇಡಿ. ಮಲಗುವಾಗ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಇಲ್ಲ ಅಕ್ಕತಂಗಿ ಇಬ್ಬರೂ ಸಣ್ಣವರಿದ್ದಾಗಿನ ಜಗಳಗಳನ್ನೆಲ್ಲ ಮತ್ತೆ ಕೆದಕಿಕೊಂಡು ನಿದ್ದೆಗೆಡುತ್ತೀರೋ? ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮನ್ನು ಇಷ್ಟು ದಿನ ಸುಧಾರಿಸಿದ್ದಕ್ಕೆ ಅವರಿಗೊಂದು ಸನ್ಮಾನ ಮಾಡಬೇಕು ಎಂದುಕೊಂಡಿದ್ದೇನೆ. ಮುಖ ಊದಿಸಿಕೊಳ್ಳಬೇಡಿ, ತಮಾಷೆಗೆ ಬರೆದೆ. ನೀವಿಲ್ಲದೆ ಈ ಮನೆಯಲ್ಲಿ ನನ್ನ ತಮಾಷೆಗೆ ನಗುವವರೂ ಇಲ್ಲ, ಬೈಯುವವರೂ ಇಲ್ಲ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಅದು ರೂಢಿ. ಆದರೆ ಕ್ಷೇಮವಾಗಿಲ್ಲ. ಈ ಕಾಲದಲ್ಲೂ ಕಾಗದ ಯಾಕೆ ಎಂದು ನೀವು ಕೇಳುವ ಹಾಗಿಲ್ಲ, ಫೋನನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟು ಹೋದವರು ನೀವು. ಹಿಟ್ಟು ಕಲಸಲು ಕೈ ಹಾಕಿದಾಗ ಅದು ಸಿಕ್ಕಿ, ನಾನು ಹಲ್ಲಿಯೇನೋ ಎಂದು ಕೂಗಿಕೊಂಡೆ. ಚಿಕ್ಕಮ್ಮನ ಫೋನಿಗೆ ಮಾಡಿದರೆ ಬೆಳಿಗ್ಗೆ ಮಾಡಿದರೂ ಸಂಜೆ ಮಾಡಿದರೂ ಅಕ್ಕ ಮಲಗಿದ್ದಾಳೆ ಎಂಬ ಒಂದೇ ಉತ್ತರ. ನೀವು ಅಷ್ಟು ಮಲಗುವವರಾಗಿದ್ದರೆ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇನ್ನೊಂದು ಗಂಟೆ ಹೆಚ್ಚು ನಿದ್ದೆ ಮಾಡಿರುತ್ತಿದ್ದೆ. ಕೊನೆಗೆ ನಿಮ್ಮ ಮಗ ಪೆನ್ನು, ಹಾಳೆ ತಂದು ನನ್ನ ಮುಂದಿಟ್ಟರು. ನೀನು ಬರೆದರೆ ಅಮ್ಮ ಕೇಳ್ತಾಳೆ ಎಂದರು. ಬರೆದದ್ದನ್ನು ತಾವು ಓದಿ ಆಮೇಲೆ ಕವರಿಗೆ ಹಾಕುತ್ತಾರಂತೆ. ಓದಲಿ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ, ಕಾಗದವಾದರೆ ಕೊನೆಯ ಸಾಲಿನವರೆಗೆ ಕೂರಲೇಬೇಕು.

ವಿಷಯ ಏನೆಂದರೆ, ನಮ್ಮ ಸೌತೆ ಗಿಡಗಳ ಪ್ಲಾಸ್ಟಿಕ್ ಮನೆಗೆ ನೀರು ಬರುವುದು ನಿಂತಿದೆ. ಬಾವಿಯಲ್ಲಿ ನೀರಿದೆ, ತೊಟ್ಟಿ ತುಂಬಿದೆ, ಕರೆಂಟಿದೆ, ಎಲ್ಲ ಇದೆ. ಹನಿ ಪೈಪಿನ ವಾಲ್ವು ಮಾತ್ರ ತೆರೆಯುತ್ತಿಲ್ಲ. ಅದು ಕೈಯಲ್ಲಿ ತಿರುಗಿಸಿದರೆ ತಿರುಗುವಂಥದಲ್ಲ, ನಿಮಗೆ ಗೊತ್ತೇ ಇದೆ, ಕಂಪನಿಯವರು ಹಾಕಿಕೊಟ್ಟದ್ದು, ಫೋನು ಹೇಳಿದರೆ ಮಾತ್ರ ಕೇಳುತ್ತದೆ. ಮಣ್ಣಿನಲ್ಲಿ ನೆಟ್ಟ ಕಡ್ಡಿ ಬಾಯಾರಿಕೆ ಎಂದು ಅಲ್ಲೆಲ್ಲೋ ಇರುವ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಫೋನಿಗೆ ಹೇಳುತ್ತದೆ, ಫೋನು ವಾಲ್ವಿಗೆ ಹೇಳುತ್ತದೆ. ನಡುವೆ ಇಷ್ಟು ಜನ ದಲ್ಲಾಳಿಗಳು. ಈಗ ಕಂಪನಿ ಹೊಸ ಒಪ್ಪಂದ ಕಳಿಸಿದೆ. ಒಡತಿ ಫೋನಿನ ಮುಂದೆ ಮುಖ ತೋರಿಸಿ, ಕಣ್ಣು ಮಿಟುಕಿಸಬೇಕು, ಅದೇ ಒಪ್ಪಿಗೆ ಎಂದು ಲೆಕ್ಕ. ಅಲ್ಲಿಯವರೆಗೆ ನೀರಿಲ್ಲ. ಒಡತಿ ಯಾರು? ನೀವು.

ನಿಮ್ಮನ್ನು ಒಡತಿ ಮಾಡಿದ ದಿನ ನೆನಪಿದೆಯೇ? ಹೆಂಗಸರ ಹೆಸರಿನಲ್ಲಿರುವ ತೋಟಗಳನ್ನು ಕಂಪನಿ ಮೊದಲು ಸೇರಿಸಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದೇ ತಡ, ನಿಮ್ಮ ಮಗ ನಿಮ್ಮ ಹೆಸರು ಕೊಟ್ಟರು. ಬರೀ ಹೆಸರಿಗಷ್ಟೇ ಅಮ್ಮಾ, ಕೆಲಸವೆಲ್ಲ ನಂದೇ ಎಂದರು. ನೀವು ತಲೆ ಬಾಚಿಕೊಂಡು, ಹೊಸ ಬಟ್ಟೆ ಉಟ್ಟು ಬಾಗಿಲಲ್ಲಿ ನಿಂತಿರಿ. ಕಂಪನಿಯ ಸಾಹೇಬ ಫೋಟೋ ತೆಗೆಯಲು ಹಿಂದೆ ಹಿಂದೆ ಸರಿದು ಗೊಬ್ಬರದ ಗುಂಡಿಗೆ ಕಾಲಿಟ್ಟ, ಅವನ ಬಿಳಿ ಬೂಟು ಹಸಿರಾಯಿತು, ನೀವು ನಕ್ಕಿರಿ. ಅವತ್ತಿನಿಂದ ಅವನಿಗೆ ಬಿಳಿ ಬೂಟು ಎಂದೇ ಹೆಸರಿಟ್ಟಿರಿ. ಎಷ್ಟು ಚೆನ್ನಾಗಿ ಬಂದಿತ್ತು ಆ ನಗು. ನಿಮ್ಮ ಹಲ್ಲು ಕಾಣುವ ಫೋಟೋ ಅದೊಂದೇ.

ಆಮೇಲೆ ಬರೀ ಹೆಸರು ಸಾಲಲಿಲ್ಲ, ಮುಖ ಬೇಕಾಯಿತು. ಬೆಳಿಗ್ಗೆ ಲೋಡು ಹೊರಡಬೇಕಾದರೆ ನೀವು ಒಲೆಯ ಮುಂದೆ ಕೂತಿದ್ದರೂ ಸರಿ, ಬಚ್ಚಲಿನಿಂದ ಆಗತಾನೆ ಬಂದಿದ್ದರೂ ಸರಿ, ಇವರು ಫೋನು ತಂದು ಮುಖಕ್ಕೆ ಹಿಡಿಯುತ್ತಿದ್ದರು. ಟಕ್ ಎಂದು ಸದ್ದಾದರೆ ಮುಗಿಯಿತು, ನಿಮ್ಮ ಮಾತು ಯಾರಿಗೂ ಬೇಡ. ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗು ಹಾಕಿದ ಹಾಗೆ ನಿಮ್ಮನ್ನು ಇಟ್ಟುಕೊಂಡಿದ್ದರು. ಬಾಗಿಲು ತೆರೆಯಲು ಬೇಕು, ಒಳಗೆ ಏನಿಡಬೇಕು ಎಂದು ಅದನ್ನು ಯಾರು ಕೇಳುತ್ತಾರೆ? ಓದುವಾಗ ಈ ಸಾಲನ್ನು ಹೊಡೆದು ಹಾಕು ಎಂದು ನಿಮ್ಮ ಮಗ ಹೇಳಬಹುದು. ನಾನು ಹೊಡೆದು ಹಾಕುವುದಿಲ್ಲ.

ಇನ್ನು ಆ ಚೀಲದ ವಿಷಯ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ ಅತ್ತೆ. ಸೌತೆಕಾಯಿ ಎಂದಮೇಲೆ ನಾಲ್ಕು ನೆಟ್ಟಗೆ ಇರುತ್ತವೆ, ಒಂದು ಡೊಂಕಾಗುತ್ತದೆ. ಕಾಯಿ ವಿಂಗಡಿಸುವ ಶೆಡ್ಡಿನ ಕ್ಯಾಮೆರಾಕ್ಕೆ ಡೊಂಕು ಕಂಡರೆ ಆಗದು, ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ್ದನ್ನು ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ, ನಾವೂ ತಿನ್ನುವ ಹಾಗಿಲ್ಲ, ಸುಣ್ಣದ ಪುಡಿ ಸುರಿದು ಗುಂಡಿಗೆ ಹಾಕಬೇಕು. ಪ್ರತಿ ಕಾಯಿಯ ಜಾತಕ ಅವರ ಹತ್ತಿರ ಇದೆಯಂತೆ. ನೀವು ಎಂದಿನಂತೆ ಎದುರುಮನೆ ಹೊಲಿಗೆಯಾಕೆಯ ಮಕ್ಕಳಿಗೆಂದು ಒಂದು ಚೀಲ ಡೊಂಕು ಕಾಯಿ ಎತ್ತಿಕೊಂಡು ಹೊರಟಿರಿ. ಮನೆಯ ಗೇಟು ದಾಟುವಷ್ಟರಲ್ಲಿ ನಿಮ್ಮ ಬೆನ್ನಿನ ಫೋಟೋ ಕಂಪನಿಗೆ ಹೋಗಿ, ಅಲ್ಲಿಂದ ನಿಮ್ಮ ಮಗನ ಫೋನಿಗೆ ವಾಪಸು ಬಂದಿತ್ತು. ಬಿಳಿ ಬೂಟು ಎದುರಿಗೇ ನಿಂತಿದ್ದ. ಅವನ ಮುಂದೆ ನಿಮ್ಮ ಮಗ, ಅಮ್ಮಾ ಇದು ಕಳ್ಳತನ ಎಂದರು.

ನೀವು ಹಾಕಿದ ಬೀಜ, ನಿಮ್ಮ ಹೆಸರಿನ ನೆಲ. ನಾನು ಅವತ್ತು ಸುಮ್ಮನಿರಲಿಲ್ಲ, ನಿಮಗೆ ಗೊತ್ತು, ಬಿಳಿ ಬೂಟು ಇದ್ದಾನೆ ಎಂದೂ ನೋಡದೆ ಬಾಯಿಗೆ ಬಂದದ್ದೆಲ್ಲ ಆಡಿದೆ. ನೀವು ಮಾತ್ರ ಚೀಲ ಕೆಳಗಿಟ್ಟಿರಿ, ಕೈ ತೊಳೆದಿರಿ, ಎಲ್ಲರಿಗೂ ಬಡಿಸಿದಿರಿ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಿರಿ. ಕಂಪನಿಯವರಿಗೆ ಹೆದರಿ ಹಾಗಂದೆ, ಬಿಳಿ ಬೂಟು ಎದುರಿಗಿದ್ದನಲ್ಲ ಎಂದು ನಿಮ್ಮ ಮಗ ಈಗ ಹೇಳುತ್ತಾರೆ. ಹೆದರಿಕೆ ನಿಜವೇ ಇರಬಹುದು. ಆದರೂ ಆ ಮಾತು ಹೆದರಿದವರ ಮಾತಿನ ಹಾಗೆ ಕೇಳಲಿಲ್ಲ.

ನೀವು ಹೋದಮೇಲೆ ಏನೇನು ನಡೆಯಿತು ಎಂದು ಕೇಳಿದರೆ ನೀವು ನಗುತ್ತೀರಿ, ನಗಲೇಬೇಕು. ನೀರು ನಿಂತ ದಿನ ನಿಮ್ಮ ಮಗ ಗೋಡೆಯಿಂದ ನಿಮ್ಮ ದೊಡ್ಡ ಫೋಟೋ ಇಳಿಸಿ ಧೂಳು ಒರೆಸಿದರು. ಅಮ್ಮನ ನೆನಪಾಯಿತೇನೋ ಎಂದು ನನಗೆ ಒಂದು ಕ್ಷಣ ಖುಷಿಯಾಯಿತು. ನೋಡಿದರೆ ಅದನ್ನು ಫೋನಿನ ಮುಂದೆ ಹಿಡಿದರು. ಜೀವಂತ ಮುಖ ತೋರಿಸಿ ಎಂದಿತು ಫೋನು. ಕಣ್ಣು ಮಿಟುಕಿಸಬೇಕಲ್ಲ, ಅದಕ್ಕೆ ಫೋಟೋವನ್ನು ಅಲ್ಲಾಡಿಸಿದರು. ಮತ್ತೆ ಅದೇ ಮಾತು. ಆಮೇಲೆ ನಾದಿನಿಯನ್ನು ಕರೆಸಿದರು, ಅವಳದು ನಿಮ್ಮದೇ ಮೂಗು, ನಿಮ್ಮದೇ ಹಣೆ ಎಂದು. ಅವಳ ತಲೆಗೆ ಹಿಟ್ಟು ಬಳಿದು ಕೂದಲು ನೆರೆದ ಹಾಗೆ ಮಾಡಿ, ನಿಮ್ಮ ಹಳೆಯ ಕನ್ನಡಕ ಹಾಕಿಸಿ ಕೂರಿಸಿದರು. ಪಾಪ, ಅವಳು ಅಷ್ಟು ಹೊತ್ತು ಕಣ್ಣು ಮಿಟುಕಿಸಿ ಮಿಟುಕಿಸಿ ನೀರು ತಂದುಕೊಂಡಳು. ಫೋನು, ಇದು ಮೋಸ ಎಂದು ಬರೆದು ಖಾತೆಯನ್ನೇ ಮುಚ್ಚಿತು. ಇನ್ನು ಒಡತಿ ಖುದ್ದಾಗಿ, ಸಾಹೇಬನ ಎದುರಿಗೇ ಮುಖ ತೋರಿಸಬೇಕು, ಬೇರೆ ದಾರಿಯಿಲ್ಲ. ಅಮ್ಮನ ಜಾಗಕ್ಕೆ ಬೇರೆಯವರು ಆಗುವುದಿಲ್ಲ ಎಂದು ನಿಮ್ಮ ಮಗನಿಗೆ ಕೊನೆಗೂ ಒಂದು ಫೋನು ಹೇಳಬೇಕಾಯಿತು.

ವಾಲ್ವು ಬಿಚ್ಚಿ ಹಾಕೋಣ ಎಂದು ನಲ್ಲಿ ರಿಪೇರಿಯವನನ್ನೂ ಕರೆಸಿದ್ದಾಯಿತು. ಬಿಚ್ಚಿದರೆ ಒಪ್ಪಂದ ಮುರಿದ ಹಾಗೆ, ಪ್ಲಾಸ್ಟಿಕ್ ಮನೆಯನ್ನೇ ಕಿತ್ತುಕೊಂಡು ಹೋಗುತ್ತಾರೆ ಎಂದು ತಿಳಿದು ಅವನು ಪಾನಾ ಎತ್ತಿಕೊಂಡು ಹೊರಟುಹೋದ. ಈಗ ನಾವಿಬ್ಬರೂ ಬಾವಿಯಿಂದ ಸೇದಿ ಬಕೆಟ್ಟಿನಲ್ಲಿ ಹೊತ್ತು ಹಾಕುತ್ತಿದ್ದೇವೆ. ಒಳಗೆ ಕಾದ ಕಾವಲಿಯ ಮೇಲೆ ನಿಂತ ಹಾಗಿರುತ್ತದೆ. ಎಲೆಗಳು ಮಧ್ಯಾಹ್ನಕ್ಕೇ ಜೋತು ಬೀಳುತ್ತವೆ, ಸಂಜೆ ಸ್ವಲ್ಪ ತಲೆ ಎತ್ತುತ್ತವೆ. ಬಾಗಿಲ ಕಡೆಯ ಸಾಲುಗಳು ಆಗಲೇ ಹೋದವು. ನಿಮ್ಮ ಮಗನ ಅಂಗೈಯಲ್ಲಿ ಬೊಬ್ಬೆಗಳು ಬಂದು ಒಡೆದಿವೆ, ಬಟ್ಟೆ ಸುತ್ತಿಕೊಂಡು ಹೊರುತ್ತಾರೆ. ಮೊನ್ನೆ ಬಕೆಟ್ಟು ಕೆಳಗಿಟ್ಟು ಗಿಡಗಳ ನಡುವೆ ಹಾಗೇ ಕೂತುಬಿಟ್ಟರು. ಎಷ್ಟು ಬೈದರೂ ಆ ಬೆನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಹೊಲಿಗೆಯಾಕೆ ಪೇಟೆಗೆ ಹೋಗಿದ್ದಳು, ಅವಳು ತಂದ ಸುದ್ದಿ ಇದು. ದೊಡ್ಡ ಅಂಗಡಿಯಲ್ಲಿ ನಮ್ಮ ಸೌತೆಕಾಯಿಯನ್ನು ಪ್ಲಾಸ್ಟಿಕ್ ಸುತ್ತಿ ತಣ್ಣಗಿನ ಕಪಾಟಿನಲ್ಲಿ ಇಟ್ಟಿದ್ದರಂತೆ. ಮೇಲಿನ ಕಪ್ಪು ಚೌಕಕ್ಕೆ ಫೋನು ಹಿಡಿದರೆ ನೀವು ಬರುತ್ತೀರಂತೆ, ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟು ನಗುತ್ತಾ. ಕೆಳಗೆ, ಈ ತಾಯಿ ಪ್ರೀತಿಯಿಂದ ಬೆಳೆದದ್ದು ಎಂದು ಬರೆದಿದೆಯಂತೆ. ಯಾವಾಗ ಕಿತ್ತದ್ದು, ಯಾವ ಲಾರಿಯಲ್ಲಿ ಬಂತು, ದಾರಿಯಲ್ಲಿ ಎಷ್ಟು ತಣ್ಣಗಿತ್ತು ಎಂಬುದೆಲ್ಲ ಇದೆ. ಯಾರೋ ಗಿರಾಕಿ ತನ್ನ ಮಗುವಿಗೆ ನಿಮ್ಮನ್ನು ತೋರಿಸಿ, ಅಜ್ಜಿ ನೋಡು ಎಂದರಂತೆ. ಅದೇ ಅಜ್ಜಿಯನ್ನು ಕಳ್ಳಿ ಎಂದದ್ದು ಆ ಚೌಕದಲ್ಲಿ ಎಲ್ಲೂ ಇಲ್ಲ. ಹೊಲಿಗೆಯಾಕೆ ಅಳುತ್ತಲೇ ಹೇಳಿದಳು, ತನ್ನ ಮಕ್ಕಳ ದೆಸೆಯಿಂದ ನೀವು ಮನೆ ಬಿಟ್ಟಿರಿ ಎಂದು ಅವಳ ಕೊರಗು. ಹಾಗಲ್ಲ ಎಂದು ಸಮಾಧಾನ ಮಾಡಿ ಕಳಿಸಿದೆ.

ಇದಿಷ್ಟು ಇಲ್ಲಿಯ ಸಮಾಚಾರ. ಇನ್ನು ಬರೆಯಲೇಬೇಕಾದ ಮಾತು. ನೀವು ಕೋಪ ಬಿಟ್ಟು ಮನೆಗೆ ಬರಬೇಕಂತೆ. ಆದದ್ದನ್ನು ಮರೆಯಬೇಕಂತೆ. ಭಾನುವಾರ ನಿಮ್ಮ ಮಗನೇ ಕಾರು ಮಾಡಿಕೊಂಡು ಬಂದು ನಿಮ್ಮನ್ನು ಕರೆದುಕೊಂಡು ಬರುತ್ತಾರಂತೆ, ಮಂಡಿಗೆ ತೊಂದರೆಯಾಗದ ಹಾಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಬರಬಹುದಂತೆ. ನಿಮ್ಮ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಅದು ಯಾರೂ ಹೇಳಿ ಮಾಡಿದ್ದಲ್ಲ, ನಾನೇ ಮಾಡಿದ್ದು.

ಈ ಕಾಗದವನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇವೆ, ನಾಳೆಯೇ ನಿಮಗೆ ಸಿಗುತ್ತದೆ. ಆರೋಗ್ಯ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಚಿಕ್ಕಮ್ಮನ ಕೈ ಉಪ್ಪು ಜಾಸ್ತಿ, ಹೇಳಿದರೆ ಅವರು ತಪ್ಪು ತಿಳಿಯುವುದಿಲ್ಲ. ದೊಡ್ಡವರು ನೀವು, ಅಷ್ಟು ದೂರದಿಂದಲೇ ನಮ್ಮ ತಲೆಯ ಮೇಲೆ ಒಂದು ಕೈ ಇಡಿ.

ನಿಮ್ಮ ಬಾಯಿಬಡುಕಿ,
ಸೊಸೆ

ತಾ.ಕ.: ಅತ್ತೆ, ನಿಮ್ಮ ಮಗ ಎಲ್ಲ ಓದಿದರು. ಎರಡು ಕಡೆ ಹುಬ್ಬು ಗಂಟಿಕ್ಕಿ, ಆಮೇಲೆ ಇರಲಿ ಎಂದರು. ಈಗ ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ನಾನು ಹಾಳೆಯ ಹಿಂದೆ ಗೀಚುತ್ತಿದ್ದೇನೆ, ಅವರು ಬರುವಷ್ಟರಲ್ಲಿ ಕವರಿಗೆ ಹಾಕಿ ಅಂಟಿಸಿಬಿಡುತ್ತೇನೆ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ನಿನ್ನೆ ಬಿಳಿ ಬೂಟು ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತು ಇವರ ಜೊತೆ ಮಾತಾಡುತ್ತಿದ್ದ, ನಾನು ಒಳಗೆ ಚಹಾ ಸೋಸುತ್ತಿದ್ದೆ. ಈ ಹೊಸ ಒಪ್ಪಂದಕ್ಕೆ ನೀವು ಒಂದು ಸಲ ಕಣ್ಣು ಮಿಟುಕಿಸಿದರೆ ಸಾಕಂತೆ, ಮುಂದೆ ನಿಮ್ಮ ಮುಖ ಬೇಕಾಗುವುದೇ ಇಲ್ಲವಂತೆ. ಖಾತೆ ನಿಮ್ಮ ಮಗನ ಹೆಸರಿಗೆ, ನೆಲ, ನೀರು ಎರಡೂ ಕಂಪನಿಯ ಹಿಡಿತಕ್ಕೆ. ಏನು ಬೆಳೆಯಬೇಕು, ಯಾರು ಒಳಗೆ ಕಾಲಿಡಬೇಕು ಎಲ್ಲ ಅವರು ಹೇಳಿದಂತೆ. ನಿಮ್ಮ ಮಗ ಕೇಳಿದ್ದು ಒಂದೇ ಪ್ರಶ್ನೆ, ಅಮ್ಮನ ಫೋಟೋ ತೆಗೆದುಬಿಡ್ತೀರಾ ಎಂದು. ಇಲ್ಲ, ಅದು ಇರುತ್ತೆ, ಗಿರಾಕಿಗಳಿಗೆ ಇಷ್ಟ ಎಂದ. ಸರಿ ಎಂದರು. ಭಾನುವಾರ ಬರುವುದು ನಿಮ್ಮನ್ನು ಕರೆದುಕೊಂಡು ಬರಲಿಕ್ಕಲ್ಲ ಅತ್ತೆ. ಮನೆಗೆ ಬಂದರೆ ಮತ್ತೆ ರಗಳೆ, ಅಲ್ಲೇ ಚಿಕ್ಕಮ್ಮನ ಬಾಗಿಲಲ್ಲಿ ಮುಗಿಸೋಣ ಎಂದು ಇಬ್ಬರಲ್ಲೂ ಮಾತಾಗಿದೆ. ಬಿಳಿ ಬೂಟು ಜೊತೆಗೇ ಬರುತ್ತಾನೆ. ಗಿಡಗಳ ಚಿಂತೆ ಮಾಡಬೇಡಿ, ಹೋದರೆ ಹೋಗಲಿ, ನೆಲ ಉಳಿದರೆ ಇನ್ನೊಂದು ಸಲ ಬೀಜ ಹಾಕೋಣ. ನಿಮ್ಮ ಮಗ ಫೋನು ಎತ್ತಿ ಹಿಡಿದು, ಅಮ್ಮಾ, ಇಲ್ಲಿ ನೋಡು ಎನ್ನುತ್ತಾರೆ. ಮಗ ಕರೆದಾಗ ತಿರುಗದೆ ಇರುವುದು ನಿಮ್ಮಿಂದ ಆಗದ ಕೆಲಸ ಎಂದು ನನಗೆ ಗೊತ್ತು. ತಿರುಗಬೇಡಿ.